ಪರನಾಡಿನಲ್ಲಿ ಮಡಿದವರು



ಹಳೇಬೀಡಿನ ಮಗ್ಗುಲಲ್ಲಿರುವ ಬಸ್ತಿಹಳ್ಳಿಯ ವಿಜಯಪಾರ್ಶ್ವನಾಥ ಬಸದಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಚೋಳರಿಂದ ತಲಕಾಡನ್ನು ಬಿಡಿಸಿದ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಅದನ್ನು ಕಟ್ಟಿಸಿದನು. ಮಗನು ತಂದೆಯನ್ನು ನೆನೆಯುವುದು ಸಹಜವೇ ಸರಿ. ಆದರೆ ಪರರ ಊರನ್ನು ಬಿಡಿಸಲು ಹೋಗಿ ಅಲ್ಲಿಯೇ ಮಡಿದವರನ್ನು ನೆನೆಯುವವರಾರು?

1918ನೆಯ ಇಸವಿ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಬಿಡಿಸಿದವರಲ್ಲಿ ಮೈಸೂರು ಸಂಸ್ಥಾನದ ಲಾನ್ಸರ್ಸ್ ಪಡೆಯವರೂ ಇದ್ದರು. ಎದುರಿಗೆ ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು, ಮೆಷಿನ್‌ಗನ್ನುಗಳು. ಇವರ ಕೈಯಲ್ಲಿ ಭರ್ಜಿ, ಕತ್ತಿ. ಮೈಸೂರಿನವರು ಬೆಟ್ಟವನ್ನೇರಿ ಫಿರಂಗಿಗಳನ್ನು ಹಿಡಿದರು. ಜೋಧಪುರದವರು ಊರೊಳಕ್ಕೆ ನುಗ್ಗಿದರು. ಅಂದೇ ಹೈಫಾ ವಶವಾಯಿತು. ಸಾವಿರಕ್ಕೂ ಮಿಕ್ಕ ಶತ್ರುಗಳು ಸೆರೆಯಾದರು. ಈ ದಳದಲ್ಲಿ ಮಡಿದ ಯೋಧರು 8 ಮಂದಿ, ಕುದುರೆಗಳು 60.

ಆ ಯುದ್ಧವನ್ನು ಹೂಡಿದವರು ನಾವಲ್ಲ. ಗೆದ್ದ ನೆಲವೂ ನಮಗೆ ಬರಲಿಲ್ಲ. ಊರನ್ನು ಬಿಡಿಸಿದವರ ನಾಡೇ ಅಂದು ಪರಾಧೀನವಾಗಿದ್ದಿತು. ಪ್ರಾಣ ಮಾತ್ರ ನಮ್ಮವರದು. ಆದರೂ ಹೈಫಾದ ಭಾರತೀಯ ಯೋಧರ ಸ್ಮಶಾನದಲ್ಲಿ ಇಂದಿಗೂ ಸೆಪ್ಟೆಂಬರ್ ತಿಂಗಳಲ್ಲಿ ಅವರ ಸ್ಮರಣೆ ನಡೆಯುತ್ತದೆ. ದಿಲ್ಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿಗಳಲ್ಲಿ ಒಂದು ಮೈಸೂರಿನ ಯೋಧನದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಲಾನ್ಸರ್ಸ್ ಸ್ಮಾರಕವುಂಟು. ಅದರ ಮುಂದೆ ದಿನವೂ ಹಾದುಹೋಗುವ ನಮ್ಮಲ್ಲಿ ಒಂದು ಗಳಿಗೆ ನಿಂತವರೆಷ್ಟು ಮಂದಿ? ಪರರು ನೆನೆಯುವವರನ್ನು ಮನೆಯವರೇ ಮರೆಯಬಹುದೆ?