ಕೋಸಿನ ಹುಳು ಹೇಳುವ ಪಾಠ



ಈ ದಿನ ಒಂದು ಹುಳುವಿನ ವಿಚಾರ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಹುಳು ಎಂದ ಕೂಡಲೆ ‘ಯಾವ ಔಷಧಿ ಹೊಡೆಯಬೇಕು ಸ್ವಾಮಿ?’ ಅಂತ ಕೇಳುತ್ತೀರಿ. ಆ ಮಾತಿಗೂ ಬರೋಣ. ಆದರೆ ಮೊದಲ ವರ್ಷ ಚೆನ್ನಾಗಿ ಕೆಲಸ ಮಾಡಿದ ಔಷಧಿ ಮೂರನೆಯ ವರ್ಷಕ್ಕೆ ನೀರಿನಂತಾಗುವುದು ಏಕೆ? ಇದನ್ನು ಮೊದಲು ತಿಳಿದುಕೊಳ್ಳೋಣ. ಇದನ್ನು ತಿಳಿದರೆ, ಭೂಮಿಯ ಮೇಲೆ ಜೀವಜಾತಿಗಳು ಹೇಗೆ ಬದಲಾಗುತ್ತ ಬಂದವು ಎಂಬ ದೊಡ್ಡ ಸಂಗತಿಯೂ ಜೊತೆಯಲ್ಲೇ ತಿಳಿಯುತ್ತದೆ.

ಬೆಂಗಳೂರಿನ ದಕ್ಷಿಣಕ್ಕಿರುವ ಜಯನಗರ, ಬನಶಂಕರಿ, ಜೆ.ಪಿ. ನಗರ ಇವೆಲ್ಲ ಒಂದು ಕಾಲಕ್ಕೆ ಹೊಲ, ತೋಟ, ಕೆರೆಗಳಿದ್ದ ಜಾಗ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಈಗ ಅಲ್ಲಿ ಎತ್ತ ನೋಡಿದರೂ ಮನೆ. ಆ ಮನೆಗಳ ಒಲೆಗೆ ತರಕಾರಿ ಹೋಗುವುದು ಹಳ್ಳಿಗಳಲ್ಲಿ ನಿಮ್ಮಂಥವರು ಬೆಳೆದು ಕಳಿಸಿದಾಗಲೇ. ಅಲ್ಲಿನ ತರಕಾರಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಎಲೆಕೋಸು, ಹೂಕೋಸು, ನವಿಲುಕೋಸು, ಮೂರೂ ಪಕ್ಕಪಕ್ಕದಲ್ಲಿವೆ. ನೋಟ ಬೇರೆ, ರುಚಿ ಬೇರೆ, ಬೆಲೆಯೂ ಬೇರೆ. ಆದರೆ ಈ ಮೂರೂ ಒಂದೇ ಜಾತಿಯ ಗಿಡ ಎಂದರೆ ನಂಬುತ್ತೀರಾ?

ಹೂವು ಬರುವ ತನಕ ಬಿಟ್ಟು ನೋಡಿ. ಮೂರರ ಹೂವಿಗೂ ನಾಲ್ಕು ಎಸಳು, ಒಂದೇ ಅಚ್ಚು. ಹತ್ತಿರ ಹತ್ತಿರ ಹೂಬಿಟ್ಟರೆ ಜೇನುಹುಳ ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸಿ, ಬೀಜವೆಲ್ಲ ಬೆರಕೆಯಾಗುತ್ತದೆ. ಯೂರೋಪಿನ ಕಡಲ ಕರೆಯಲ್ಲಿ ಬೆಳೆಯುತ್ತಿದ್ದ ಒಂದು ಕಾಡುಗಿಡವೇ ಇವುಗಳ ಮೂಲ. ಅದಕ್ಕೆ ಗಡ್ಡೆಯಿಲ್ಲ, ಹೂಗೊಂಚಲಿನ ಉಂಡೆಯಿಲ್ಲ, ಸುತ್ತಿಕೊಂಡ ಎಲೆಯೂ ಇಲ್ಲ. ಎಲೆ ಒತ್ತಾಗಿದ್ದ ಗಿಡದ ಬೀಜವನ್ನೇ ಒಬ್ಬರು ತಲೆತಲಾಂತರ ಉಳಿಸಿಕೊಂಡರು, ಎಲೆಕೋಸಾಯಿತು. ಕಾಂಡ ದಪ್ಪವಿದ್ದುದನ್ನು ಇನ್ನೊಬ್ಬರು ಉಳಿಸಿಕೊಂಡರು, ನವಿಲುಕೋಸಾಯಿತು. ಮೊಗ್ಗಿನ ಗೊಂಚಲು ತುಂಬಿಬಂದದ್ದನ್ನು ಮತ್ತೊಬ್ಬರು ಆರಿಸಿದರು, ಹೂಕೋಸಾಯಿತು.

ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಕಣದಲ್ಲಿ ತುಂಬು ತೆನೆಯ ರಾಗಿಯನ್ನು ಆರಿಸಿ ಬಿತ್ತನೆಗೆ ತೆಗೆದಿಡುತ್ತಿದ್ದರು. ಇಲ್ಲಿ ನಡೆಯುವುದು ಮೂರೇ ಕೆಲಸ. ಒಂದೇ ಬೆಳೆಯಲ್ಲೂ ಗಿಡಗಿಡಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸ ಬೀಜದ ಮೂಲಕ ಮುಂದಿನ ಪೀಳಿಗೆಗೆ ಹೋಗುತ್ತದೆ. ಆರಿಸಿದವು ಮಾತ್ರ ಉಳಿದು ಸಂತಾನ ಬೆಳೆಸುತ್ತವೆ. ಹೀಗೆ ಬಹುಕಾಲ ನಡೆದರೆ ತಾಯಿಗಿಡವೇ ಗುರುತು ಸಿಗದಷ್ಟು ಬದಲಾಗುತ್ತದೆ.

ಈಗ ಅದೇ ಕೋಸಿನ ಎಲೆ ತಿರುವಿ ನೋಡಿ. ತೂತು ತೂತು ಮಾಡುವ ಸಣ್ಣ ಹಸಿರು ಹುಳು ಇದೆ. ಮುಟ್ಟಿದರೆ ಚಡಪಡಿಸಿ, ನೂಲು ಬಿಟ್ಟು ಕೆಳಗೆ ಜೋತು ಬೀಳುತ್ತದೆ. ಇದೇ ವಜ್ರಬೆನ್ನಿನ ಪತಂಗದ ಮರಿಹುಳು. ಪತಂಗ ರೆಕ್ಕೆ ಮಡಿಸಿ ಕುಳಿತಾಗ ಬೆನ್ನ ಮೇಲೆ ವಜ್ರದಾಕಾರದ ಗುರುತುಗಳು ಕಾಣುತ್ತವೆ. ಒಂದು ಹೆಣ್ಣು ನೂರಕ್ಕೂ ಮೇಲೆ ಮೊಟ್ಟೆಯಿಡುತ್ತದೆ. ಬೆಚ್ಚನೆಯ ಹವೆಯಲ್ಲಿ ಮೂರು ವಾರದೊಳಗೆ ಇನ್ನೊಂದು ಪೀಳಿಗೆ ಸಿದ್ಧ.

ಲೆಕ್ಕಕ್ಕೆಂದು, ನಿಮ್ಮ ತಾಕಿನಲ್ಲಿ ಸಾವಿರ ಹುಳು ಇವೆ ಅನ್ನಿ. ಔಷಧಿ ಹೊಡೆದಿರಿ. 995 ಸತ್ತವು, 5 ಉಳಿದವು. ‘ಹುಳು ವಿಷಕ್ಕೆ ಒಗ್ಗಿಕೊಂಡಿತು’ ಅಂತ ನಾವು ಹೇಳುತ್ತೇವೆ. ಹಾಗಲ್ಲ. ಆ ಐದರಲ್ಲಿ ಕೆಲವು ಎಲೆಯ ಮರೆಯಲ್ಲಿದ್ದು ತಪ್ಪಿಸಿಕೊಂಡಿರಬಹುದು. ಆದರೆ ಕೆಲವಕ್ಕೆ ವಿಷವನ್ನು ತಡೆದುಕೊಳ್ಳುವ ಗುಣ ಹುಟ್ಟಿನಿಂದಲೇ ಇತ್ತು. ಸತ್ತವು ಸತ್ತುಹೋದವು. ಈ ಗಟ್ಟಿ ಹುಳುಗಳೇ ಪತಂಗವಾಗಿ, ಕೂಡಿ, ಮೊಟ್ಟೆಯಿಟ್ಟವು. ಮುಂದಿನ ಪೀಳಿಗೆಯಲ್ಲಿ ಗಟ್ಟಿ ಹುಳುಗಳ ಪಾಲು ಹೆಚ್ಚಿತು. ಅದೇ ಔಷಧಿ ಮತ್ತೆ ಹೊಡೆದಿರಿ, ಪಾಲು ಇನ್ನಷ್ಟು ಹೆಚ್ಚಿತು. ಕಣದಲ್ಲಿ ನಮ್ಮ ಹಿರಿಯರು ತುಂಬು ತೆನೆ ಆರಿಸಿದಂತೆ, ಇಲ್ಲಿ ನಾವೇ ಕೈಯಾರ ಗಟ್ಟಿ ಹುಳುಗಳನ್ನು ಆರಿಸಿ ಬಿತ್ತನೆಗೆ ಬಿಟ್ಟಂತಾಯಿತು!

ಇದು ಬರಿಯ ಊಹೆಯಲ್ಲ. ಡಿ.ಡಿ.ಟಿ. ಹೊಡೆದರೂ ಈ ಹುಳು ಸಾಯುತ್ತಿಲ್ಲವೆಂದು ಜಾವಾ ದ್ವೀಪದಿಂದ 1953ರಲ್ಲೇ ವರದಿ ಬಂತು. ಬಿ.ಟಿ. ಎಂಬ ಸೂಕ್ಷ್ಮಾಣುವಿನಿಂದ ತಯಾರಿಸಿದ ಸಿಂಪಡಣೆಯನ್ನೂ ಅದು ಗೆದ್ದಿತೆಂದು 1990ರಲ್ಲಿ ಹವಾಯಿ ದ್ವೀಪದಿಂದ ತಿಳಿದುಬಂತು. ಹತ್ತಿಯ ಕಥೆಯೂ ಇದೇ. ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲನೆಯ ಬಗೆಯ ಬಿ.ಟಿ. ಹತ್ತಿಯನ್ನು ತಿಂದು ಬದುಕುತ್ತಿತ್ತು.

ಇನ್ನೊಂದು ಸ್ವಾರಸ್ಯವಿದೆ. ಕೋಸು, ಸಾಸಿವೆಗಳ ಘಾಟು ಇದೆಯಲ್ಲ, ಅದು ಗಿಡ ತನ್ನ ರಕ್ಷಣೆಗೆ ತಾನೇ ಇಟ್ಟುಕೊಂಡ ವಿಷ. ಎಷ್ಟೋ ಹುಳುಗಳು ಅದಕ್ಕೆ ಹೆದರಿ ದೂರವಿರುತ್ತವೆ. ಈ ಪತಂಗದ ಪೂರ್ವಿಕರಾದರೋ ಎಂದೋ ಆ ವಿಷವನ್ನು ಅರಗಿಸಿಕೊಂಡರು. ಈಗ ಆ ಘಾಟನ್ನೇ ಹಿಡಿದು ಗಿಡವನ್ನು ಹುಡುಕಿಕೊಂಡು ಬರುತ್ತದೆ. ಗಿಡದ ವಿಷವನ್ನೇ ಗೆದ್ದ ವಂಶಕ್ಕೆ ಅಂಗಡಿಯ ವಿಷ ಯಾವ ಲೆಕ್ಕ?

‘ಹುಳು ಗಟ್ಟಿಯಾದರೂ ಹುಳುವೇ ತಾನೆ, ಒಂದು ಜಾತಿ ಇನ್ನೊಂದಾದದ್ದು ಉಂಟೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕುದುರೆ, ಕತ್ತೆಗಳನ್ನು ನೆನೆಯಿರಿ. ಎರಡನ್ನೂ ಕೂಡಿಸಿದರೆ ಹೇಸರಗತ್ತೆ ಹುಟ್ಟುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಒಂದೇ ಮೂಲದಿಂದ ಅವು ಬೇರೆಯಾಗಿ ಸುಮಾರು 40 ಲಕ್ಷ ವರ್ಷ ಕಳೆದಿದೆ. ಕೋಸುಗಳು ಕವಲೊಡೆದು ಕೆಲವು ಸಾವಿರ ವರ್ಷವಷ್ಟೆ, ಅದಕ್ಕೇ ಅವು ಇನ್ನೂ ಒಂದರೊಡನೊಂದು ಬೆರೆಯುತ್ತವೆ. ಎರಡೂ ಒಂದೇ ದಾರಿಯ ಮೇಲಿನ ಬೇರೆ ಬೇರೆ ಮೈಲಿಗಲ್ಲುಗಳು.

ಕೊಟ್ಟಿಗೆಗೆ ಹೋಗಿ ಹಸುವಿನ ಕಾಲು ನೋಡಿ. ಗೊರಸಿನ ಹಿಂದೆ ಸ್ವಲ್ಪ ಮೇಲೆ ಎರಡು ಚಿಕ್ಕ ಗೊರಸುಗಳಿವೆ, ಅವು ನೆಲಕ್ಕೆ ತಾಗುವುದಿಲ್ಲ. ಅವು ಹಿಂದಿನ ಕಾಲದ ಬೆರಳುಗಳ ಗುರುತು. ಹಳೆಯ ಬಂಡೆಗಳಲ್ಲಿ ಕಲ್ಲಾಗಿ ಸಿಕ್ಕಿರುವ ಇಂಥ ಪ್ರಾಣಿಗಳ ಮೂಳೆಗಳಲ್ಲಿ ಆ ಬೆರಳುಗಳು ದೊಡ್ಡವಾಗಿಯೇ ಇವೆ. ಇಷ್ಟೆಲ್ಲ ಆಗಲು ಕಾಲ ಎಲ್ಲಿತ್ತು ಅನ್ನುತ್ತೀರಾ? ಜಯನಗರದ ಮಗ್ಗುಲಲ್ಲೇ ಲಾಲ್‌ಬಾಗ್ ಇದೆ. ಅಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಈ ಭೂಮಿಗೆ ಕಾಲದ ಬಡತನವಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ವಿವರವಾಗಿ ಮುಂದಿಟ್ಟಾಗ, ಸಾಕುಪ್ರಾಣಿ ಮತ್ತು ಬೆಳೆಗಳನ್ನು ಜನ ಆರಿಸಿ ಬೆಳೆಸುವ ಮಾತಿನಿಂದಲೇ ಪ್ರಾರಂಭಿಸಿದ್ದರು.

ಸರಿ, ಈಗ ನಾವು ಮಾಡಬೇಕಾದ್ದೇನು?

ಮೊದಲನೆಯದು: ಒಂದೇ ಬಗೆಯ ವಿಷವನ್ನು ಮೇಲಿಂದ ಮೇಲೆ ಹೊಡೆಯಬೇಡಿ. ಡಬ್ಬದ ಮೇಲಿನ ಹೆಸರು ಬೇರೆಯಾದರೂ ಒಳಗಿನ ಮದ್ದು ಒಂದೇ ಇರಬಹುದು. ಡಬ್ಬವನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು, ಇದು ಯಾವ ಗುಂಪಿನದು ಎಂದು ಕೇಳಿ ತಿಳಿಯಿರಿ. ಕೆಲಸ ಮಾಡಲಿಲ್ಲವೆಂದು ಅದನ್ನೇ ಎರಡರಷ್ಟು ಹಾಕಬೇಡಿ.

ಎರಡನೆಯದು: ಸಾಸಿವೆಯ ಉಪಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನು ಪರೀಕ್ಷಿಸಿ ತಿಳಿಸಿದ್ದಾರೆ. ಕೋಸಿನ ಪ್ರತಿ 25 ಸಾಲಿಗೆ ಸಾಸಿವೆಯ ಎರಡು ಸಾಲು ಬರಲಿ. ಒಂದನ್ನು ಕೋಸಿನ ಸಸಿ ನೆಡುವುದಕ್ಕೆ 15 ದಿನ ಮೊದಲೇ ಬಿತ್ತಿ, ಇನ್ನೊಂದನ್ನು ನೆಟ್ಟ 25 ದಿನಕ್ಕೆ ಬಿತ್ತಿ. ಮೊದಲನೆಯದು ಬಲಿಯುವ ಹೊತ್ತಿಗೆ ಎರಡನೆಯದು ಎಳೆಯದಾಗಿರುತ್ತದೆ. ಪತಂಗ ಘಾಟು ಹಿಡಿದು ಸಾಸಿವೆಗೇ ಹೋಗಿ ಮೊಟ್ಟೆಯಿಡುತ್ತದೆ.

ಮೂರನೆಯದು: ನೂರು ಲೀಟರ್ ನೀರಿಗೆ ನಾಲ್ಕು ಕೆ.ಜಿ. ಬೇವಿನ ಬೀಜದ ತಿರುಳಿನ ಪುಡಿಯ ಲೆಕ್ಕದಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಸಿಂಪಡಿಸಿ. ಬೇವಿನಲ್ಲಿ ಒಂದೇ ಅಂಶವಲ್ಲ, ಹಲವು ಅಂಶಗಳು ಕೂಡಿವೆ. ಎಲ್ಲವನ್ನೂ ಒಟ್ಟಿಗೆ ತಡೆಯುವುದು ಹುಳುವಿಗೆ ಸುಲಭವಲ್ಲ.

ನಾಲ್ಕನೆಯದು: ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳಿವೆ. ಅವು ವಿಷಕ್ಕೆ ಬಗ್ಗದ ಹುಳು, ಬಗ್ಗುವ ಹುಳು ಎಂದು ಭೇದ ಮಾಡುವುದಿಲ್ಲ, ಎರಡನ್ನೂ ಕೊಲ್ಲುತ್ತವೆ. ಕಂಡಕಂಡಾಗ ಔಷಧಿ ಹೊಡೆದು ಈ ಕೂಲಿ ಕೇಳದ ಆಳನ್ನು ಕಳೆದುಕೊಳ್ಳಬೇಡಿ. ವರ್ಷಕ್ಕೊಂದು ಬೆಳೆಯಾದರೂ ಕೋಸು ಬಿಟ್ಟು ರಾಗಿಯೋ ಹುರುಳಿಯೋ ಹಾಕಿ. ಅಕ್ಕಪಕ್ಕದ ಹೊಲದವರೂ ಕೂಡಿ ಮಾಡಿದರೆ ಒಳ್ಳೆಯದು, ಪತಂಗಕ್ಕೆ ಬದುವಿನ ಲೆಕ್ಕವಿಲ್ಲ.

ಬದಲಾಗುವುದು ಜೀವದ ಗುಣ. ಅದನ್ನು ನಿಲ್ಲಿಸಲು ನಮ್ಮಿಂದಾಗದು. ಆದರೆ ಯಾವುದನ್ನು ಆರಿಸುತ್ತಿದ್ದೇವೆ ಎಂಬುದನ್ನು ತಿಳಿದು ಆರಿಸುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಪಂಪು ಬೆನ್ನಿಗೇರಿಸುವ ಮೊದಲು ಈ ಮಾತು ನೆನಪಿರಲಿ.