ಉಚ್ಚಶಿಕ್ಷಣವೂ ನೂತನ ಯಂತ್ರಸಾಧನಗಳೂ
(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಮಹೋತ್ಸವದ ಸಭೆಯಲ್ಲಿ ವಿದ್ಯಾವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿದ್ಯೆಯೆಂಬುದು ಮಹಾಸಾಗರ, ಅದರಲ್ಲಿ ಒಂದೇ ಒಂದು ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಗಣಕಯಂತ್ರ, ಅಂತರ್ಜಾಲ, ಚರವಾಣಿ ಮೊದಲಾದ ಸಾಧನಗಳಿಂದ ಕಾಲೇಜಿನ ಪಾಠವು ಇಂದು ಮನೆಯ ಬಾಗಿಲಿಗೇ ಬರುತ್ತಿರುವುದಷ್ಟೆ. ಹಾಗೆ ಬಂದ ಪಾಠವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಬಡ ವಿದ್ಯಾರ್ಥಿಗೆ ನಿಜವಾದ ವಿದ್ಯೆಯಾಗಿ ಪರಿಣಮಿಸಬೇಕಾದರೆ ಮತ್ತೇನು ಬೇಕು ಎಂಬುದೇ ಆ ಪ್ರಶ್ನೆ.

ನಮ್ಮ ಸೀಮೆಗೆ ಉಚ್ಚವಿದ್ಯೆಯು ಹೊಸತಲ್ಲ. ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ೯ನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ಕ್ಕೂ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ಕ್ಕೂ ಆಶ್ರಯವಾದುದನ್ನು ತಾವೆಲ್ಲರೂ ಬಲ್ಲಿರಿ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ಅಲ್ಲಿಯ ೧೦೫೮ನೆಯ ಇಸವಿಯ ಶಾಸನವು ೨೦೦ ಮಂದಿ ವೇದವಿದ್ಯಾರ್ಥಿಗಳನ್ನೂ, ಶಾಸ್ತ್ರವನ್ನೋದುವ ಬೇರೆ ವಿದ್ಯಾರ್ಥಿಗಳನ್ನೂ, ಅವರ ಉಪಾಧ್ಯಾಯರನ್ನೂ ಹೇಳಿ, ಇವರೊಡನೆ ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಗ್ರಂಥಗಳನ್ನು ಕಾದು, ಬೇಕಾದವರ ಕೈಗೆ ಬೇಕಾದುದನ್ನು ಕೊಡತಕ್ಕವರು ಇವರು. ಗುರುವೂ ಗ್ರಂಥವೂ ಇದ್ದ ಮಾತ್ರಕ್ಕೆ ವಿದ್ಯೆಯಾಗದು, ನಡುವೆ ನಿಂತು ಕೈಹಿಡಿಯುವವನೊಬ್ಬನು ಬೇಕೆಂಬ ವಿವೇಕವು ಆ ದಾನಿಗಳಿಗೆ ಇದ್ದಿತೆಂಬುದನ್ನು ನಾವು ಲಕ್ಷ್ಯದಲ್ಲಿಡಬೇಕು.

ಆ ವೈಭವವು ಅಳಿದ ಬಹುಕಾಲದ ಮೇಲೆ, ನಿಜಾಮರ ಆಳಿಕೆಯಲ್ಲಿ, ೧೯೧೮ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉದಿಸಿತು. ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಡಹೊರಟ ಆ ಸಾಹಸವು ಸ್ತುತ್ಯವೇ. ಆದರೆ ಆ ಭಾಷೆಯು ಉರ್ದುವಾಗಿದ್ದುದರಿಂದ ನಮ್ಮ ಹಳ್ಳಿಯ ಹುಡುಗನು ಎರಡು ಹೊಳೆಗಳನ್ನು ದಾಟಬೇಕಾಗಿದ್ದಿತು: ಒಂದು ದೂರದ ಹೊಳೆ, ಮತ್ತೊಂದು ಭಾಷೆಯ ಹೊಳೆ. ೧೯೪೮ರ ವಿಮೋಚನೆಯೂ ೧೯೫೬ರ ಏಕೀಕರಣವೂ ಆದ ಬಳಿಕ, ೧೯೫೮ರಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆ, ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ೨೦೦೯ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಹೀಗೆ ಒಂದೊಂದಾಗಿ ಬಂದು ದೂರದ ಹೊಳೆಯು ಕಿರಿದಾಯಿತು.

ಈಗ ಯಂತ್ರಸಾಧನಗಳು ಆ ಹೊಳೆಯನ್ನು ಇಲ್ಲವೆಂದೇ ಮಾಡುತ್ತೇವೆನ್ನುತ್ತಿವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್.ಪಿ.ಟಿ.ಇ.ಎಲ್. ಎಂಬ ಪಾಠಮಾಲೆಯನ್ನು ೨೦೦೩ರಲ್ಲಿ ಆರಂಭಿಸಿದುವು. ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವು ೨೦೦೪ರಲ್ಲಿ ಆಕಾಶಕ್ಕೇರಿತು. ೨೦೧೭ರಲ್ಲಿ ಕೇಂದ್ರ ಸರಕಾರವು ‘ಸ್ವಯಂ’ ಎಂಬ ವೇದಿಕೆಯನ್ನು ತೆರೆಯಿತು. ಇಂಥ ಪಾಠಗಳಿಂದ ಪದವಿಯ ಅಂಶಗಳಲ್ಲಿ ನೂರಕ್ಕೆ ೨೦ರವರೆಗೆ ಪಡೆಯಬಹುದೆಂದು ೨೦೧೬ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ವಿಧಿಸಿದ್ದಿತು. ೨೦೨೧ರಲ್ಲಿ ಅದು ೪೦ಕ್ಕೆ ಏರಿತು. ಎಂದಮೇಲೆ ಇದು ಬರಿಯ ಕುತೂಹಲದ ಸಂಗತಿಯಾಗಿ ಉಳಿದಿಲ್ಲ. ಪದವಿಯ ಒಡಲಿನೊಳಗೇ ಸೇರಿಹೋಗಿದೆ.

ಇದರ ಪರೀಕ್ಷಾಕಾಲವು ಬಂದುದು ೨೦೨೦ರಲ್ಲಿ. ಕೊರೋನಾ ವ್ಯಾಧಿಯಿಂದ ಭಾರತದಲ್ಲಿ ಮೊದಲ ಮರಣವು ಸಂಭವಿಸಿದುದು ನಮ್ಮ ಕಲಬುರಗಿಯಲ್ಲಿಯೇ, ಆ ವರ್ಷದ ಮಾರ್ಚಿ ತಿಂಗಳಲ್ಲಿ. ಕಾಲೇಜುಗಳ ಕದ ಮುಚ್ಚಿದುವು. ಐಚ್ಛಿಕವಾಗಿದ್ದ ದೂರಪಾಠವು ಒಂದೇ ಗತಿಯಾಯಿತು. ಆದರೆ ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಗ್ರಾಮಾಂತರದ ನೂರು ಮನೆಗಳಲ್ಲಿ ಅಂತರ್ಜಾಲದ ಅನುಕೂಲವಿದ್ದುದು ಸುಮಾರು ೧೫ಕ್ಕೆ. ಗಣಕಯಂತ್ರವಿದ್ದುದು ೫ಕ್ಕಿಂತ ಕಡಿಮೆ ಮನೆಗಳಿಗೆ. ಮನೆಗೆ ಒಂದೇ ಚರವಾಣಿ. ಅದು ತಂದೆಯೊಡನೆ ಕಲ್ಲಿನ ಗಣಿಗೆ ಹೋದರೆ ಮಗಳ ಪಾಠವೂ ಗಣಿಗೆ ಹೋದಂತೆಯೇ. ಚಿಂಚೋಳಿಯ ಗುಡ್ಡಗಾಡಿನ ತಾಂಡಾದ ಹುಡುಗನಿಗೆ ಸಂಕೇತವೇ ಸಿಗದಿದ್ದರೆ ಗುರುಗಳ ವಾಣಿಯು ನಡುವೆಯೇ ಕಡಿದುಹೋಗುವುದು. ಬಾಗಿಲಿಗೆ ಬಂದ ಪಾಠವು ಒಳಗೆ ಬರಲಾರದೆ ಅಲ್ಲಿಯೇ ನಿಲ್ಲುವುದೆಂದರೆ ಇದೇ.

ಹಾಗೆಂದು ಈ ಸಾಧನಗಳ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ತರಗತಿಯಲ್ಲಿ ಒಮ್ಮೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ಮುದ್ರಿತವಾದ ಪಾಠವನ್ನಾದರೋ ಮಂದಬುದ್ಧಿಯವನು ಹತ್ತು ಸಲ ಕೇಳಬಹುದು. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಹಗಲು ಪಾಳಿ ಮುಗಿಸಿದ ತರುಣನು ರಾತ್ರಿಯಲ್ಲಿ ಓದಬಹುದು. ಯಂತ್ರವೇ ತಿದ್ದುವ ಕಿರುಪರೀಕ್ಷೆಯಿಂದ, ಯಾವ ಪ್ರಶ್ನೆಯಲ್ಲಿ ಬಹುಮಂದಿ ಎಡವಿದರೆಂಬುದು ಅಧ್ಯಾಪಕರಿಗೆ ಆ ಕ್ಷಣವೇ ತಿಳಿಯುತ್ತದೆ. ಸಭೆಯಲ್ಲಿ ಬಾಯಿ ತೆರೆಯಲಂಜುವ ಹುಡುಗಿಯು ತನ್ನ ಸಂದೇಹವನ್ನು ಬರೆದು ಕೇಳಬಹುದು. ಆದರೆ ಶಿಷ್ಯನ ಮುಖದಲ್ಲಿ ಮೂಡುವ ಅನುಮಾನದ ಗೆರೆಯನ್ನು ತೆರೆಯ ಆಚೆಗಿರುವ ಗುರುವು ಕಾಣಲಾರನು. ಹಾಜರಿಯನ್ನು ಯಂತ್ರವು ಎಣಿಸೀತು, ಅವಧಾನವನ್ನು ಎಣಿಸಲಾರದು.

೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಪ್ರಕಟವಾದಂದಿನಿಂದ ಮತ್ತೊಂದು ತೊಡಕು ಸೇರಿಕೊಂಡಿದೆ. ಈ ಕೃತಕ ಬುದ್ಧಿಯನ್ನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುತ್ತದೆ. ಇಂಗ್ಲಿಷಿನ ಉಪನ್ಯಾಸವನ್ನು ಕನ್ನಡಿಸಿ ಕೊಡುತ್ತದೆ. ನಮ್ಮ ಅಜ್ಜಂದಿರಿಗೆ ಉರ್ದುವು ಅಡ್ಡಬಂದಂತೆ ಮೊಮ್ಮಕ್ಕಳಿಗೆ ಇಂಗ್ಲಿಷು ಅಡ್ಡಬಂದಿರುವಾಗ, ಆ ಭಾಷೆಯ ಹೊಳೆಗೆ ಇದೊಂದು ಹರಿಗೋಲು ಆದೀತು. ಆದರೆ ಹರಿಗೋಲಿಗೆ ತೂತುಗಳುಂಟು. ಕಾಲ್ಪನಿಕವಾದುದನ್ನು ಸಹ ಅದು ಪಂಡಿತನ ಗಾಂಭೀರ್ಯದಿಂದಲೇ ನುಡಿದುಬಿಡುತ್ತದೆ. ಸರಿ ತಪ್ಪುಗಳನ್ನು ಬಲ್ಲವನು ಪಕ್ಕದಲ್ಲಿರಬೇಕು. ಇದಲ್ಲದೆ ವಿದ್ಯಾರ್ಥಿಯು ಬರೆಯಬೇಕಾದ ಪ್ರಬಂಧವನ್ನು ಅದು ಗಳಿಗೆಯಲ್ಲಿ ಬರೆದುಕೊಡುತ್ತದೆ. ಬರೆಯುವ ಶ್ರಮದಲ್ಲಿಯೇ ವಿಚಾರವು ಹದಗೊಳ್ಳುವುದಾದುದರಿಂದ, ಶ್ರಮವನ್ನು ಕಳೆದುಕೊಂಡವನು ವಿಚಾರವನ್ನೂ ಕಳೆದುಕೊಳ್ಳುತ್ತಾನೆ. ಆದಕಾರಣ ಅಧ್ಯಾಪಕರು ಇನ್ನುಮುಂದೆ ಬರೆಹವನ್ನು ಮಾತ್ರ ನೋಡದೆ, ಶಿಷ್ಯನನ್ನು ಎದುರಿಗೆ ಕುಳ್ಳಿರಿಸಿಕೊಂಡು ‘ಇದನ್ನು ಹೀಗೇಕೆ ಹೇಳಿದೆ?’ ಎಂದು ಕೇಳತಕ್ಕದ್ದು.

ನನಗಿರುವ ಭೀತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಉಳ್ಳವರ ಮಗನಿಗೆ ಗುರುವೂ ಇದ್ದು ಯಂತ್ರವೂ ಸಹಾಯಕವಾಗಿರುವುದು. ಇಲ್ಲದವರ ಮಗನಿಗೆ ಗುರುವಿನ ಬದಲಾಗಿ ಯಂತ್ರವನ್ನೇ ಕೊಟ್ಟು, ಗೋಡೆಗೆ ತೆರೆಯನ್ನು ತೂಗಹಾಕಿ, ಕೈತೊಳೆದುಕೊಳ್ಳುವ ಕಾಲವು ಬರಬಹುದು. ಹಾಗಾದರೆ ದೂರವು ಅಳಿದರೂ ಭೇದವು ಉಳಿಯುವುದು. ಇದು ಆಗಕೂಡದು.

೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿಗೆ ಉಗಿಬಂಡಿಯ ದಾರಿಯು ತೆರೆಯಿತು. ಕಂಬಿಗಳು ಎಷ್ಟೋ ಹಳ್ಳಿಗಳ ಮಗ್ಗುಲಲ್ಲಿ ಹಾದುವು. ಆದರೆ ನಿಲ್ದಾಣವಿದ್ದ ಊರಿನವರು ಮಾತ್ರ ಬಂಡಿಯನ್ನೇರಿದರು, ಉಳಿದವರು ಹೊಗೆಯನ್ನು ನೋಡಿದರು. ಅಂತರ್ಜಾಲದ ತಂತಿಯೂ ಹಾಗೆಯೇ. ಅದಕ್ಕೆ ನಿಲ್ದಾಣಗಳನ್ನು ಕಟ್ಟುವುದು ನಮ್ಮ ಹೊಣೆ. ಈ ಐದು ಊರುಗಳಲ್ಲಿ ಒಂದೊಂದು ಓದಿನ ಮನೆಯಾಗಲೆಂದು ನಾನು ಸದ್ಭಕ್ತರಲ್ಲಿ ಬೇಡುತ್ತೇನೆ. ಅದಕ್ಕೆ ಅರಮನೆ ಬೇಡ. ಶಾಂತವಾದ ಕೋಣೆ, ಕೆಲವು ಗಣಕಯಂತ್ರಗಳು, ವಿದ್ಯುತ್ತು ಹೋದಾಗ ಒದಗುವ ಬ್ಯಾಟರಿ, ಭದ್ರವಾದ ಒಂದು ಸಂಪರ್ಕ ಇಷ್ಟು ಸಾಕು. ಪಾಠಗಳನ್ನು ಒಮ್ಮೆ ಇಳಿಸಿಕೊಂಡು ಅಲ್ಲಿಯ ಯಂತ್ರದಲ್ಲಿಯೇ ಕೂಡಿಟ್ಟರೆ ನೂರು ಮಂದಿಯು ಸಂಪರ್ಕದ ಹಂಗಿಲ್ಲದೆ ನೋಡಬಹುದು. ದೂರದ ತಾಂಡಾಗಳಿಗೆ ಧ್ವನಿಪಾಠಗಳನ್ನು ಕಳುಹಬಹುದು. ಚಿತ್ರಪಾಠಕ್ಕೆ ಬೇಕಾಗುವ ಹೊರೆಯಲ್ಲಿ ಅಲ್ಪಾಂಶವೇ ಅದಕ್ಕೆ ಸಾಕು. ಹೆಣ್ಣುಮಕ್ಕಳಿಗೆ ಹಗಲಿನಲ್ಲಿ ಮೀಸಲಾದ ವೇಳೆಯೂ, ದುಡಿಯುವವರಿಗೆ ಸಂಜೆಯ ವೇಳೆಯೂ ಇರಲಿ.

ಮನೆಮನೆಗೆ ಚರವಾಣಿ ಬಂದಿರುವಾಗ ಇದೇಕೆಂದು ಕೆಲವರು ಕೇಳಬಹುದು. ಮನೆಯ ಗದ್ದಲದಲ್ಲಿ, ಅಂಗೈಯಗಲದ ತೆರೆಯ ಮೇಲೆ, ಗಳಿಗೆಗೊಂದು ಸಂದೇಶವು ಕರೆಯುತ್ತಿರಲು, ಮೂರು ವರ್ಷದ ವ್ಯಾಸಂಗವು ಸಾಗದು. ಓದಿಗೆ ಸ್ಥಳವೂ ಬೇಕು, ಸಂಗಾತಿಯೂ ಬೇಕು. ಆದುದರಿಂದ ಎಲ್ಲಕ್ಕಿಂತ ಮಿಗಿಲಾಗಿ ಪ್ರತಿಯೊಂದು ಓದಿನ ಮನೆಗೂ ಪದವೀಧರನಾದ, ಅಥವಾ ಪದವೀಧರೆಯಾದ, ಭಂಡಾರಿಯೊಬ್ಬರಿರಲಿ. ಯಾವ ಪಾಠವು ಯಾರಿಗೆ ತಕ್ಕುದು, ಯಂತ್ರವು ಹೇಳಿದ ಮಾತು ಪುಸ್ತಕದಲ್ಲಿದೆಯೇ, ಮೂರು ದಿನದಿಂದ ಬಾರದ ಹುಡುಗಿ ಏಕೆ ಬರಲಿಲ್ಲ ಎಂದು ವಿಚಾರಿಸತಕ್ಕವರು ಅವರು. ಯಂತ್ರವನ್ನು ಕೊಳ್ಳುವುದು ಒಂದು ದಿನದ ದಾನ. ಭಂಡಾರಿಯನ್ನು ಸಾಕುವುದು ನಿತ್ಯದ ದಾಸೋಹ.

ಹಸಿದು ಬಂದ ವಿದ್ಯಾರ್ಥಿಗೆ ಪ್ರಸಾದವನ್ನಿಕ್ಕಿ ಓದಿಸಿದ ಮಠಗಳ ನಾಡು ನಮ್ಮದು. ಆ ಪಂಕ್ತಿಯಲ್ಲಿ ಇಂದು ಪಾಠದ ಹಸಿವಿನವರೂ ಬಂದು ಕುಳಿತಿದ್ದಾರೆ. ಅವರಿಗೆ ಎಡೆಮಾಡುವ ಬುದ್ಧಿಯನ್ನೂ ಶಕ್ತಿಯನ್ನೂ ಪರಮಾತ್ಮನು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇನೆ.