ಪೇಟೆಯ ನೀರು, ಹಳ್ಳಿಯ ತೋಡು, ನಮ್ಮ ಹಟ್ಟಿ

(ಹಾಲು ಉತ್ಪಾದಕರ ಸಂಘವೊಂದರ ವಾರ್ಷಿಕ ಮಹಾಸಭೆಯಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿವರ್ಷ ಈ ಸಭೆಯಲ್ಲಿ ನಾನು ಕೆಚ್ಚಲು ಬಾವು, ಗರ್ಭಧಾರಣೆ, ಕರು ಸಾಕಣೆ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಈ ಸಲ ನೀರಿನ ಬಗ್ಗೆ ಹೇಳುತ್ತೇನೆ. ದನದ ಡಾಕ್ಟರಿಗೆ ನದಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಇದೆ. ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ ಬೇಸಿಗೆಯಲ್ಲಿ ಕುಡಿಯಲಿಕ್ಕೇ 60-70 ಲೀಟರ್ ನೀರು ಬೇಕು. ಆದ್ದರಿಂದ ಬಾವಿ ಕೆಟ್ಟರೆ ಹಟ್ಟಿಯೂ ಕೆಟ್ಟಂತೆಯೇ.

ಮಂಗಳೂರು ನಗರಕ್ಕೆ ನೇತ್ರಾವತಿಯ ನೀರು ಹೋಗುವುದು ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಿಂದ. ದಿನಕ್ಕೆ ಸುಮಾರು 16 ಕೋಟಿ ಲೀಟರ್. ಹಳೆಯ ಅಣೆಕಟ್ಟಿನಲ್ಲಿ 4 ಮೀಟರ್ ನೀರು ನಿಲ್ಲುತ್ತಿತ್ತು. ಹೊಸದರಲ್ಲಿ 6 ಮೀಟರ್ ವರೆಗೂ ನಿಲ್ಲಿಸಲಾಗಿದೆ. ಅಷ್ಟಿದ್ದರೂ 2019ರಲ್ಲಿ, ಮತ್ತೆ 2023ರಲ್ಲಿ, ಬೇಸಿಗೆಯ ಕೊನೆಗೆ ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಕತೆ ಇದು! ಬಿದ್ದ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸಮುದ್ರ ಸೇರುತ್ತದೆ. ಮೇ ತಿಂಗಳಲ್ಲಿ ನದಿಯ ಒಳಹರಿವು ನಿಂತಾಗ ಅಣೆಕಟ್ಟು ಎಷ್ಟು ಎತ್ತರವಿದ್ದರೇನು?

ನಗರ ಬೆಳೆಯುತ್ತಿದೆ, ನೀರು ಬೇಕು. ಬೇಡವೆನ್ನಲು ನಮಗೆ ಬಾಯಿಲ್ಲ. ನಮ್ಮ ಹಾಲನ್ನು ಕೊಳ್ಳುವವರೂ ಅದೇ ಪೇಟೆಯವರು. ಆದರೆ ನೀರನ್ನು ಎತ್ತರಕ್ಕೆ ನಿಲ್ಲಿಸಿದಷ್ಟೂ ಮೇಲ್ಭಾಗದ ತೋಟ, ಗದ್ದೆಗಳಿಗೆ ಹಿನ್ನೀರು ಬರುತ್ತದೆ. ಕೆಳಗಡೆ ಸಿಹಿನೀರಿನ ಹರಿವು ಕಡಿಮೆಯಾದಷ್ಟೂ ಭರತದ ಉಪ್ಪುನೀರು ಮೇಲೇರಿ, ದಡದ ಬಾವಿಗಳು ಸಪ್ಪೆಯುಪ್ಪಾಗುತ್ತವೆ. ಅಂತಹ ನೀರನ್ನು ಹಸು ಸರಿಯಾಗಿ ಕುಡಿಯುವುದಿಲ್ಲ; ಕುಡಿಯದಿದ್ದರೆ ಹಾಲು ಇಳಿಯುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಳೆದಡದ ಒಂದು ಮನೆಯಿಂದ ಕರೆ ಬಂತು. ಎಚ್.ಎಫ್. ಮಿಶ್ರತಳಿಯ ಹಸು, 9 ಲೀಟರ್ ಕೊಡುತ್ತಿದ್ದದ್ದು 5ಕ್ಕೆ ಇಳಿದಿತ್ತು. ನಾನು ನೋಡಿ, ಲವಣ ಮಿಶ್ರಣ ಸಾಲದಾಗಿದೆ ಎಂದು ಹೇಳಿ ಬಂದೆ. ತಿಂಗಳು ಕಳೆದು ಹೋದಾಗ ಹಸು ಬಡಕಲಾಗಿತ್ತು. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಜೋತಾಡುತ್ತಿತ್ತು. ಸೆಗಣಿ ಪರೀಕ್ಷೆ ಮಾಡಿಸಿದಾಗ ಕಂಡದ್ದು ಲಿವರ್ ಫ್ಲೂಕ್ ಹುಳುವಿನ ಮೊಟ್ಟೆ. ತೋಟದ ಕೆಳಗಿನ ಅಂಚಿನಲ್ಲಿ ನೀರು ನಿಲ್ಲತೊಡಗಿದ ಮೇಲೆ ಅಲ್ಲಿ ಹುಲ್ಲು ಹುಲುಸಾಗಿ ಬಂದಿತ್ತು. ಮನೆಯ ಅಮ್ಮ ಅದನ್ನೇ ಕೊಯ್ದು ಹಾಕುತ್ತಿದ್ದರು. “ಹಸಿಹುಲ್ಲು ಕೊಟ್ಟದ್ದೇ ತಪ್ಪಾಯಿತೇ ಡಾಕ್ಟ್ರೇ?” ಎಂದು ಅವರು ಕೇಳಿದಾಗ ನನಗೆ ಉತ್ತರಿಸುವುದು ಕಷ್ಟವಾಯಿತು. ಮದ್ದಿನಿಂದ ಹಸು ಉಳಿಯಿತು. ಆದರೆ ಆ ಕರಾವಿನ ಹಾಲು ಹೋದದ್ದು ಹೋಯಿತು. ಮೊದಲ ದಿನವೇ ಸೆಗಣಿ ಪರೀಕ್ಷೆ ಮಾಡಿಸಿದ್ದರೆ ಅಷ್ಟು ನಷ್ಟವಾಗುತ್ತಿರಲಿಲ್ಲ.

ಈ ಹುಳು ನಮ್ಮ ಗದ್ದೆಗಳಲ್ಲಿ ಮೊದಲಿನಿಂದಲೂ ಇದೆ. ಅಣೆಕಟ್ಟುಗಳೇ ತಂದದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರ ಮರಿಗಳು ಬೆಳೆಯುವುದು ನಿಂತ ನೀರಿನ ಚಿಕ್ಕ ಬಸವನಹುಳುಗಳಲ್ಲಿ. ಅಲ್ಲಿಂದ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ. ನೀರು ನಿಲ್ಲುವ ಜಾಗ ಹೆಚ್ಚಿದರೆ ಅಪಾಯವೂ ಹೆಚ್ಚು. ಆದ್ದರಿಂದ ಹೊಳೆ, ತೋಡುಗಳ ದಡದ ಸದಸ್ಯರು ಗಮನಿಸಬೇಕಾದದ್ದು:

1. ನೀರಿಗೆ ತಾಗಿದ ಹುಲ್ಲನ್ನು ಬುಡದಿಂದ ಕೊಯ್ಯಬೇಡಿ. ನೀರಿನ ಮಟ್ಟದಿಂದ ಸಾಕಷ್ಟು ಮೇಲಕ್ಕೆ ಕೊಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕೊಡಿ.

2. ಮಳೆಗಾಲದ ಮೊದಲು ಮತ್ತು ನಂತರ ಸೆಗಣಿ ಪರೀಕ್ಷೆ ಮಾಡಿಸಿ. ಗಬ್ಬದ ಹಸು, ಹಾಲು ಕೊಡುವ ಹಸುವಿಗೆ ವೈದ್ಯರನ್ನು ಕೇಳದೆ ಜಂತುಹುಳದ ಮದ್ದು ಹಾಕಬೇಡಿ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದೆಂದು ಕೇಳಿ ತಿಳಿಯಿರಿ.

3. ಹಟ್ಟಿ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಕೊಳಕು ಬೇಗ ಇಳಿದು ಬಾವಿ ಸೇರುತ್ತದೆ. ಗಂಜಲದ ಮೂಲಕ ಹರಡುವ ಇಲಿಜ್ವರದ ರೋಗಾಣು ಹಸುವಿನ ಗಬ್ಬ ಕಳೆಯುವುದಲ್ಲದೆ ಮನುಷ್ಯರಿಗೂ ಬರುತ್ತದೆ. ನಾಲ್ಕೈದು ದನಗಳಿದ್ದರೆ ದಿನಕ್ಕೆ 50 ಕಿಲೋ ಸೆಗಣಿ ಸಿಗುತ್ತದೆ. 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ಅದು ಸಾಕು. ಅದರ ಬಗ್ಗಡ ತೋಟಕ್ಕೆ ಚಿನ್ನ.

4. ಮಳೆ ನಿಂತೊಡನೆ ತೋಡಿಗೆ ಕಟ್ಟ ಕಟ್ಟುವ ಹಿರಿಯರ ಪದ್ಧತಿಯನ್ನು ಬಿಡಬೇಡಿ. ಹಲವು ಕಡೆ ಕಟ್ಟ ಕಟ್ಟಿದರೆ ಸುತ್ತಲಿನ ಬಾವಿಗಳ ನೀರು ಬೇಗ ಇಳಿಯುವುದಿಲ್ಲ.

5. 300 ಚದರ ಅಡಿಯ ಹಟ್ಟಿಯ ಮಾಡಿನ ಮೇಲೆ ಒಂದು ಮಳೆಗಾಲದಲ್ಲಿ 90 ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ದಂಬೆ ಕಟ್ಟಿ, ಸೋಸಿ, ಇಂಗುಗುಂಡಿಗೆ ಬಿಡಿ.

ಇನ್ನು ಪೇಟೆಯವರ ಪಾಲು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಬಂತು. ಕಸದ ಕೊಳೆನೀರು ಫಲ್ಗುಣಿ ನದಿಯವರೆಗೂ ಹರಿಯಿತು. ತನ್ನ ಕಸವನ್ನೂ ಚರಂಡಿ ನೀರನ್ನೂ ಶುದ್ಧ ಮಾಡಿಕೊಳ್ಳದ ಊರಿಗೆ ಎಷ್ಟು ಅಣೆಕಟ್ಟು ಕಟ್ಟಿದರೂ ಸಾಲದು. ಸೋರುವ ಪೈಪುಗಳನ್ನು ಸರಿಪಡಿಸಿದರೆ, ಶುದ್ಧೀಕರಿಸಿದ ನೀರನ್ನು ಕಾರ್ಖಾನೆಗಳಿಗೆ ಕೊಟ್ಟರೆ, 1,000 ಚದರ ಅಡಿಯ ಮಾಡಿಗೆ ಬೀಳುವ 3 ಲಕ್ಷ ಲೀಟರಿಗೂ ಮಿಕ್ಕ ಮಳೆನೀರನ್ನು ಅಲ್ಲಲ್ಲೇ ಇಂಗಿಸಿದರೆ, ಹೊಳೆಯ ಮೇಲಿನ ಹೊರೆ ಇಳಿಯುತ್ತದೆ. ನದಿಯ ತಲೆಯ ಕಡೆ ಎತ್ತಿನಹೊಳೆ ಯೋಜನೆಯ ಮೊದಲ ಹಂತವೂ 2024ರಲ್ಲಿ ಉದ್ಘಾಟನೆಯಾಗಿದೆ. ಆ ನೀರಿಗಾಗಿ ಕಾದಿರುವ ಕೋಲಾರದ ಕಡೆಯವರೂ ನಮ್ಮಂತೆಯೇ ಹಾಲು ಹಾಕುವವರು. ಅವರ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಎಲ್ಲರೂ ಒಂದೇ ನದಿಯನ್ನು ನೆಚ್ಚಿರುವಾಗ ಲೆಕ್ಕ ಇಟ್ಟು ಬಳಸುವುದೊಂದೇ ದಾರಿ.

ತಮ್ಮಲ್ಲಿ ನನ್ನದೊಂದು ಕೋರಿಕೆ. ಗ್ರಾಮಸಭೆಗೆ ಹೋದಾಗ ರಸ್ತೆ, ದೀಪದ ಜೊತೆಗೆ ಇದನ್ನೂ ಕೇಳಿ: ಅಣೆಕಟ್ಟಿನಲ್ಲಿ ಈ ವರ್ಷ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ, ಹಲಗೆ ಯಾವಾಗ ಹಾಕುತ್ತಾರೆ, ಕೆಳಗಿನವರಿಗಾಗಿ ಎಷ್ಟು ಬಿಡುತ್ತಾರೆ? ಮೊದಲೇ ತಿಳಿದರೆ ಮೇವಿಗೆ ಬೇರೆ ಜಾಗ ನೋಡಿಕೊಳ್ಳಬಹುದು. ಒಬ್ಬೊಬ್ಬರೇ ಕೇಳುವುದಕ್ಕಿಂತ ಸಂಘದ ಠರಾವು ಮಾಡಿ ಕೊಟ್ಟರೆ ಅದಕ್ಕೆ ತೂಕವಿದೆ. ಸಹಕಾರವೆಂದರೆ ಹಾಲು ಅಳೆಯುವುದಕ್ಕೆ ಮಾತ್ರವಲ್ಲ.

ಸೆಗಣಿಯ ಮಾದರಿಯನ್ನು ಬೆಳಿಗ್ಗೆ ಹಾಲಿನ ಜೊತೆಗೇ ಸಂಘಕ್ಕೆ ತನ್ನಿ. ಪರೀಕ್ಷೆ ಮಾಡಿಸಿಕೊಡುವ ಹೊಣೆ ನನ್ನದು.